ನಾವಾಗಿಯೇ ಹೋಗಿ ಕೇಳಿದೆವು

ಜುಲೈ 4, ಬೆಳಿಗ್ಗೆ
ಹಾಲು ಉಕ್ಕಿ ಹೋಯಿತು. ತಪ್ಪು ನನ್ನದಲ್ಲ, ಪೇಪರಿನದು. ಮೂರನೇ ಪುಟದ ಮೂಲೆಯಲ್ಲಿ ಹೈಕೋರ್ಟ್ ತೀರ್ಪು — ಮಕ್ಕಳ ಕಲ್ಯಾಣ ಇಲಾಖೆಯ ಹಿಂದಿನ ಕಮಿಷನರ್ ಸಹಿ ಹಾಕಿದ ದತ್ತು ಆದೇಶಗಳು ಊರ್ಜಿತವಲ್ಲ. ಅವರಿಗೆ ಆ ಅಧಿಕಾರವೇ ಇರಲಿಲ್ಲ. ನಮ್ಮ ಮಗಳ ಆದೇಶಕ್ಕೆ ಸಹಿ ಹಾಕಿದ್ದು ಅವರೇ. ಆಗ ಅಂಗೈಯಗಲದ ಕೂಸು, ಈಗ ಮೂರನೇ ಕ್ಲಾಸು. ಜಡೆಗೆ ತಲೆಯೊಡ್ಡಿ ಕೂತಿದ್ದಳು ನಮ್ಮ ಮಗಳು ಮೆಣಸಿ. ಪೇಪರು ಓದುತ್ತಲೇ ತೆಗೆದ ಬೈತಲೆ ಸೊಟ್ಟಗಾಯಿತು.
"ಅಮ್ಮಾ, ಇದು ತಲೆನಾ, ಹಾವು ಹೋದ ದಾರೀನಾ?"

ಜುಲೈ 5
ಯಜಮಾನರು ಬಸ್ ಡಿಪೊದಿಂದ ಬಂದು, ಕೈಯ ಗ್ರೀಸು ತಿಕ್ಕುತ್ತಲೇ ಹೇಳಿದರು: "ಸುಮ್ನಿರು ಮಾರಾಯ್ತಿ. ಬೀದೀಲಿ ಹೋಗೋ ಮಾರೀನ ಮನೆಗೆ ಕರೀಬೇಡ."
ಅಧಿಕಾರವಿಲ್ಲದವರನ್ನು ಕುರ್ಚಿಯಲ್ಲಿ ಕೂರಿಸಿದ್ದು ಸರ್ಕಾರ. ಶಿಕ್ಷೆ ಮಗುವಿಗೆ? ಕೇಳಿಯೇ ಕೇಳುತ್ತೇನೆ.

ಜುಲೈ 8
ಹೋದೆವು. ಮಕ್ಕಳ ಕಲ್ಯಾಣ ಇಲಾಖೆ. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಇಡೀ ತೀರ್ಪನ್ನು ವಿವರಿಸಿದೆ. ಪ್ರೂಫ್ ತಿದ್ದುವವಳ ಚಟ — ಗೋಡೆಯ ಸುತ್ತೋಲೆಯಲ್ಲಿದ್ದ ತಪ್ಪನ್ನೂ ತೋರಿಸಿದೆ. ಗುಮಾಸ್ತ ಪೂರ್ತಿ ಕೇಳಿಸಿಕೊಂಡ.
"ಮೇಡಂ, ಹಳೇ ಫೈಲುಗಳನ್ನೆಲ್ಲ ಗೆದ್ದಲು ತಿಂದಿದೆ. ಯಾರ ಮನೇಲಿ ಯಾವ ಮಗು ಇದೆ ಅಂತ ನಮಗೇ ಗೊತ್ತಿರ್ಲಿಲ್ಲ. ನೀವಾಗೇ ಬಂದ್ರಿ. ಸಾಹೇಬ್ರು ಎದುರಿಗೇ ಕೂತಿದ್ದಾರೆ... ಕೇಳಿಸ್ಲಿಲ್ಲ ಅನ್ನೋಕಾಗುತ್ತಾ?"
ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದಕ್ಕೇ ಹೆಚ್ಚು ಭಯವಾಯಿತು.
ಮೆಟ್ಟಿಲಿಳಿಯುವಾಗ ಯಜಮಾನರು ನನ್ನ ಕೈ ಹಿಡಿದುಕೊಂಡರು.

ಜುಲೈ 19
ಇಲಾಖೆಯಿಂದ ಫೋನು. ಸೋಮವಾರ ಮಗುವನ್ನು 'ಹಾಜರುಪಡಿಸ'ಬೇಕಂತೆ. ಕೋರ್ಟು ಹೊಸ ಆದೇಶ ಕೊಡುವವರೆಗೆ ಬಾಲಮಂದಿರದಲ್ಲಿ. ತಾತ್ಕಾಲಿಕ, ಎಂದರು.
ನಾನು ಹೈಸ್ಕೂಲಿನಲ್ಲಿದ್ದಾಗ ನೆರೆ ಬಂದು ಹೊಳೆದಂಡೆಯವರನ್ನು ತಾತ್ಕಾಲಿಕವಾಗಿ ಶೆಡ್ಡಿಗೆ ಸಾಗಿಸಿದ್ದರು. ನನ್ನ ಗೆಳತಿಯ ಮದುವೆ, ಬಾಣಂತನ ಎರಡೂ ಆ ಶೆಡ್ಡಿನಲ್ಲೇ ಆದವು. ಮರೆತಿಲ್ಲ.
ವಕೀಲರು ಹೇಳಿದರು: "ಸ್ಟೇ ಸಿಗಬಹುದಮ್ಮಾ. ಆದ್ರೆ ಕೇಸು ಬೆಂಚಿನ ಮುಂದೆ ಬರೋದು ಮುಂದಿನ ತಿಂಗಳು."

ಜುಲೈ 22, ಸೋಮವಾರ
ಕರೆದುಕೊಂಡು ಹೋಗಲಿಲ್ಲ. ಚಿಲಕ ಹಾಕಿ ಕೂತಿದ್ದೇವೆ. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಜನ ನಾವು. ಮಗಳಿಗೆ ಜ್ವರ ಎಂದು ಶಾಲೆಗೆ ಸುಳ್ಳು ಹೇಳಿದೆ. ಅವಳೋ ಅಪ್ಪನ ಬೆನ್ನೇರಿ ಬಸ್ಸಾಟ ಆಡುತ್ತಿದ್ದಾಳೆ.
"ರೈಟ್, ರೈಟ್... ಡ್ರೈವರ್ರೇ, ಯಾಕೆ ಅಳ್ತಿದ್ದೀರಾ?"
"ಡೀಸೆಲ್ ಹೊಗೆ, ಕಂಡಕ್ಟರ್ರೇ."

ಸಂಜೆ
ಗೇಟಿನ ಬಳಿ ಇಲಾಖೆಯ ಜೀಪು, ಹೆಂಗಸಿನ ದನಿ. ಹೆಸರು ಹಿಡಿದು ಕರೆಯುತ್ತಿದ್ದಾಳೆ. ನಾವಿಟ್ಟ ಹೆಸರಲ್ಲ — ಅನಾಥಾಲಯದವರು ಇಟ್ಟಿದ್ದು. ಮಗಳು ಎಂದೂ ಕೇಳಿರದ ಹೆಸರು. ಬೇಡವೆಂದರೂ ಕಿಟಕಿಯಲ್ಲಿ ಇಣುಕಿದಳು.
"ಅಮ್ಮಾ, ಪಾಪ, ಆ ಆಂಟಿಗೆ ಮನೆ ತಪ್ಪಿದೆ. ಹೋಗಿ ಹೇಳಿ ಬರ್ಲಾ?"
ನಾನು ಅವಳನ್ನು ಒಳಗೆಳೆದುಕೊಂಡು ಕಿಟಕಿ ಮುಚ್ಚಿದೆ.