ಮನೆ ಮಾರಲು ಯಾರಿಗೆ ಹೇಳಲಿ, ಚಿಕ್ಕಮ್ಮ?

ಪ್ರೀತಿಯ ಚಿಕ್ಕಮ್ಮನಿಗೆ,

ನಾನಿರುವ ಈ ನಿನ್ನ ಮನೆ ಮಾರಲು ಒಬ್ಬ ಏಜೆಂಟನ್ನು ಆರಿಸು ಎಂದು ನೀನು ನನಗೆ ಹೇಳಿ ಇಪ್ಪತ್ತು ದಿನವಾಯಿತು. ಫೋನ್ ಮಾಡಿದಾಗಲೆಲ್ಲ "ನೋಡ್ತಾ ಇದೀನಿ" ಎಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದ್ದು ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಂದವನು ಕೋಟಿನವನು. ಮೂರು ಮಹಡಿ ಹತ್ತಿ ಬಂದರೂ ಬೆವರಿರಲಿಲ್ಲ. ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೆಲೆ ಹೇಳಿದ, ಒಂದೇ ತಿಂಗಳಲ್ಲಿ ಮಾರಿಸುತ್ತೇನೆ ಎಂದ. ಹಿಂದಿನ ಕೋಣೆಯ ಗೋಡೆ ಮುಟ್ಟಿ, ಒದ್ದೆ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, "ಬಣ್ಣದ ಅಂಗಡೀಲಿ ಕೆಲಸ ಅಂತೀರಿ. ಇದಕ್ಕೇನು ಮಾಡ್ಬೇಕು ಅಂತ ನಾನು ಹೇಳಿಕೊಡ್ಬೇಕಾ?" ಎಂದ. ಬೇಕಿರಲಿಲ್ಲ. ಕೆರೆದು, ಪುಟ್ಟಿ ಹಾಕಿ, ಎರಡು ಕೋಟ್ ಹೊಡೆದರೆ ಆರು ತಿಂಗಳು ಯಾರಿಗೂ ತಿಳಿಯುವುದಿಲ್ಲ. ಏಳನೆಯ ತಿಂಗಳು ಸಿಪ್ಪೆಯಂತೆ ಏಳುತ್ತದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಐದು ಕೆಲಸ ಹಿಡಿದು ಬಿಟ್ಟ ಮೇಲೆ, ನಾನು ಸರಿಯಾಗಿ ಕಲಿತ ವಿದ್ಯೆ ಅದೊಂದೇ. ಮೇಲಿನ ಮನೆಯವರು ಈ ಗೋಡೆಗೆ ನೀರಿಳಿಸುವ ತಮ್ಮ ಬಚ್ಚಲು ರಿಪೇರಿ ಮಾಡಿಸುವುದಿಲ್ಲ ಎಂಬುದು ನಿನಗೂ ಗೊತ್ತು.

ನಾನು ಬಣ್ಣ ಹೊಡೆಯಲಿಲ್ಲ. ಅವನು ನಿನ್ನ ಬೀರುವನ್ನೇ ಆ ಗೋಡೆಗೆ ತಳ್ಳಿಸಿ, ಮನೆ ನೋಡಲು ಗಂಡ ಹೆಂಡತಿ ಇಬ್ಬರನ್ನು ಕರೆತಂದ. ಆ ಹೆಂಗಸು ಅಡುಗೆಮನೆಯ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಳು. ಆಮೇಲೆ "ಗೋಡೆ ಎಲ್ಲ ಗಟ್ಟಿಯಾಗಿದೆ ಅಲ್ವಾ?" ಎಂದು ಕೇಳಿದಳು. ನಾನು ಬೀರು ಸರಿಸಿ ತೋರಿಸಿದೆ. ಬೇಸಿಗೆಯಲ್ಲಿ ನೀರು ಒಂದೇ ಗಂಟೆ ಬರುವುದನ್ನು ಅವಳು ಕೇಳದಿದ್ದರೂ ಹೇಳಿದೆ. ಅವರು ಹೋದ ಮೇಲೆ ಕೋಟಿನವನು ಮೆಟ್ಟಿಲ ಮೇಲೆ ನಿಂತು, "ಅಲ್ಲಮ್ಮಾ, ನೀವು ಮನೆ ಮಾರ್ತಾ ಇದೀರೋ, ಮನೆ ಮೇಲೆ ದೂರು ಕೊಡ್ತಾ ಇದೀರೋ? ಇನ್ನೊಂದ್ ಸಲ ಜನ ಬಂದಾಗ ಸಿನಿಮಾಗೆ ಹೋಗಿ. ಟಿಕೆಟ್ ನಾನೇ ಕೊಡಿಸ್ತೀನಿ" ಎಂದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವನು ಒದೆಯಲಿಲ್ಲ, ಅಷ್ಟೇ ಪುಣ್ಯ.

ಎರಡನೆಯವಳು ಟೇಪಿನವಳು. ನಿನ್ನದೇ ವಯಸ್ಸು. ಒಂದೊಂದು ಕೋಣೆಯನ್ನೂ ಅಳೆದಳು, ಒದ್ದೆಯ ಕಲೆಯನ್ನೂ ಅಳೆದು ಬರೆದುಕೊಂಡಳು. "ಗೋಡೆ ವಿಷಯ ನಾನು ಮೊದಲೇ ಹೇಳಿಬಿಡ್ತೀನಿ. ಬೆಲೆ ಇಳಿಯುತ್ತೆ. ಆರು ತಿಂಗಳಾದ್ರೂ ಬೇಕು" ಎಂದಳು. ಅವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಆ ಖುಷಿಯ ಮೇಲೇ ನನಗೆ ಅನುಮಾನ ಬಂದದ್ದು.

ಯಾಕೆಂದರೆ ಆರು ತಿಂಗಳು ಎನ್ನುವುದು ನನಗೆ ಬರೀ ಮಾತು. ಮೊಣಕಾಲಿನ ದೆಸೆಯಿಂದ ಈ ಮೆಟ್ಟಿಲು ಹತ್ತಲಾರದೆ ನೀನು ನಾದಿನಿಯ ಮನೆಯ ನಡುಮನೆಯಲ್ಲಿ ಮಲಗುತ್ತಿದ್ದೀಯ. ಅವರ ಮಕ್ಕಳು ಟಿವಿ ಮುಂದೆ ಬಂದು ಕೂರುವುದರೊಳಗೆ ಹಾಸಿಗೆ ಮಡಚುತ್ತೀಯ. "ಮನೆ ಮಾರಿದ ದುಡ್ಡಲ್ಲಿ ಬಾಗಿಲು ಹಾಕ್ಕೊಳ್ಳೋ ಅಂಥದ್ದು ಒಂದು ಕೋಣೆ ಸಿಕ್ಕರೆ ಸಾಕು ಕಣೇ" ಎಂದು ನೀನೇ ಹೇಳಿದ್ದೆ. ಇನ್ನೂ ನೂರಾ ಎಂಬತ್ತು ಬೆಳಗ್ಗೆ ಹಾಸಿಗೆ ಮಡಚು ಎಂದು ಹೇಳಲು ನಾನ್ಯಾರು? ಸತ್ಯ ಹೇಳುವ ಚಟ ನನ್ನದು, ದಂಡ ತೆರುವವಳು ನೀನು. ಇದು ಪ್ರಾಮಾಣಿಕತೆಯೋ ಹಟವೋ, ಗೊತ್ತಾಗುತ್ತಿಲ್ಲ.

ಇನ್ನೂ ಇದೆ. ಟೇಪಿನವಳು ಕೊಟ್ಟ ಒಪ್ಪಂದದ ಕಾಗದದಲ್ಲಿ ಒಂದು ಸಾಲು ಖಾಲಿ ಇತ್ತು: ಮನೆಯಲ್ಲಿರುವವರು ಖಾಲಿ ಮಾಡುವ ದಿನ. "ಇದು ಬರೀದೆ ನಾನು ಯಾವ ಮನೇನೂ ಹಿಡಿಯಲ್ಲ ತಾಯಿ. ಬಿಡೋ ಮನಸ್ಸಿಲ್ಲದವರು ಒಳಗಿದ್ರೆ, ಕೊಳ್ಳೋರಿಗೆ ಬಾಗಿಲಲ್ಲೇ ಗೊತ್ತಾಗುತ್ತೆ" ಎಂದಳು. ಪೆನ್ನು ಹಿಡಿದೆ, ದಿನ ಬರೆಯಲಿಲ್ಲ. ಕಾಗದ ಬಿಟ್ಟುಹೋದಳು.

ಅಂದಿನಿಂದ ಕೇಳಿಕೊಳ್ಳುತ್ತಿದ್ದೇನೆ. ಬೀರು ಸರಿಸಿದ್ದು ಸತ್ಯ ಹೇಳುವುದಕ್ಕೋ, ಅಡುಗೆಮನೆಯ ಕಿಟಕಿಯಲ್ಲಿ ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತವಳನ್ನು ಓಡಿಸುವುದಕ್ಕೋ? ಕೇಳದ ನೀರಿನ ವಿಷಯ ಯಾಕೆ ಹೇಳಿದೆ? ಐದು ಕೆಲಸ ಬಿಟ್ಟು ಓಡಿದವಳು ನಾನು, ಈ ಒಂದು ಮನೆ ಬಿಡಲು ಯಾಕೆ ಆಗುತ್ತಿಲ್ಲ? ಗೋಡೆಯ ಬಗ್ಗೆ ನಾನು ಆಡಿದ್ದೆಲ್ಲ ನಿಜ. ನನ್ನ ಬಗ್ಗೆ ಮಾತ್ರ ನಾನು ಯಾರಿಗೂ ನಿಜ ಹೇಳಿಲ್ಲ.

ಟೇಪಿನವಳ ಕಾಗದ ಇದರ ಜೊತೆಗಿದೆ. ನನಗೆ ಅವಳೇ ಸರಿ ಎನ್ನಿಸುತ್ತದೆ, ಆದರೆ ಮನೆ ನಿನ್ನದು. ಬೇಗ ಮಾರಿದರೆ ಸಾಕು ಎನ್ನಿಸಿದರೆ ಅವಳ ಕಾಗದ ಹರಿದುಹಾಕು, ಕೋಟಿನವನಿಗೇ ಹೇಳುತ್ತೇನೆ. ಬಣ್ಣ ಮಾತ್ರ ನನ್ನ ಕೈಯಿಂದ ಆಗದು.

ಖಾಲಿ ಬಿಟ್ಟಿದ್ದ ಸಾಲನ್ನು ಈಗ ತುಂಬಿದ್ದೇನೆ: ಬರುವ ತಿಂಗಳ ಹದಿನೈದು. ಎಲ್ಲಿಗೆ ಹೋಗುತ್ತೀಯ ಎಂದು ಕೇಳಬೇಡ. ಅದು ನನಗೂ ಗೊತ್ತಿಲ್ಲ.

ನಿನಗೆ ನೆಮ್ಮದಿ ಬರಲಿ, ನನಗೆ ಬುದ್ಧಿ ಬರಲಿ.

ಇಂತಿ,
ನಿನ್ನ ಬಾಯಿಬಡುಕಿ