ನನ್ನ ಫೋಟೋ ಇರುವ ನೀರಿನ ಬಾಟಲಿ

ಲ್ಯಾಬ್ ಹಿಂದಿನ ಕ್ವಾರ್ಟರ್ಸ್,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಜ್ಜಿ ಮರೆವಿನಲ್ಲಿ ಈಗಲೂ ನನ್ನನ್ನು ಚಿಕ್ಕಮ್ಮ ಎಂದೇ ತಿಳಿದುಕೊಂಡಿದ್ದಾಳಾ? ತಿಳಿದುಕೊಳ್ಳಲಿ ಬಿಡು, ಅಂತೂ ನೆನೆಯುತ್ತಾಳಲ್ಲ. ಕೋಪವೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಹೊರಟರೆ "ಬಾಟ್ಲಿ ಮೇಲೆ ನಿನ್ ಫೋಟೋನೇ ಇದೆಯಲ್ಲೇ" ಎಂದು ನನ್ನ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಈ ಕಾಗದ.

ಆ ಫೋಟೋ ನಾನು ಕೊಟ್ಟದ್ದಲ್ಲ ಅಮ್ಮಾ. ನಮ್ಮ ಕಂಪನಿಯವರೇ ನನ್ನ ಗುರುತಿನ ಚೀಟಿಯಿಂದ ಎತ್ತಿ, ತಾವು ಮಾರುವ ನೀರಿನ ಬಾಟಲಿಗೆ ಅಂಟಿಸಿದ್ದಾರೆ. "ಮೆದುಳು ಚುರುಕಾಗುತ್ತದೆ, ವಿಜ್ಞಾನಿಯ ಮಾತು" ಅಂತೆ! ಆ ಮಾತು ನಾನು ಆಡಿದ್ದರೆ ನನ್ನ ನಾಲಿಗೆ ಸೇದಿಹೋಗಲಿ. ನಾವು ಮಾಡಿದ್ದಿಷ್ಟೇ. ಪ್ಲಾಸ್ಮಾ ಎಂಬ ಮಿಂಚಿನಂಥ ವಿದ್ಯುತ್ ಕಿಡಿ ಹಾಯಿಸಿದ ಈ ನೀರನ್ನು ಒಂದು ಗುಂಪು ಇಲಿಗಳಿಗೆ, ಮಾಮೂಲಿ ನೀರನ್ನು ಇನ್ನೊಂದು ಗುಂಪಿಗೆ ಕುಡಿಸಿದೆವು. ಅವು ಹೆದರುತ್ತವೆಯೇ, ಮಂಕಾಗುತ್ತವೆಯೇ, ತೊಟ್ಟಿಯಲ್ಲಿ ಬಿಟ್ಟರೆ ಕಾಲೂರಲು ನೀರಿನಡಿ ಇಟ್ಟ ಮಣೆ ಎಲ್ಲಿತ್ತೆಂದು ನೆನಪಿಟ್ಟು ಈಜುತ್ತವೆಯೇ ಎಂದು ನೋಡಿದೆವು. ಎಲ್ಲರಿಗಿಂತ ಜಾಣ, ಮಣೆಯನ್ನೇ ಲೆಕ್ಕಿಸದೆ ನನ್ನ ತೋಳು ಹತ್ತಿ ಕೂರುತ್ತಿದ್ದ ಗುಂಡ ಎಂಬ ಇಲಿ, ಕುಡಿದದ್ದು ಬರೀ ನಲ್ಲಿ ನೀರು! ಕೊನೆಗೆ, ನಿನಗೆ ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ, ಅವುಗಳ ಮೆದುಳನ್ನೇ ತೆಗೆದು ಪರೀಕ್ಷಿಸಿದೆವು. ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಕೆಡುಕು ಕಾಣಲಿಲ್ಲ, ಒಳಿತೂ ಕಾಣಲಿಲ್ಲ. ಬೀದಿನಾಯಿ ಕಚ್ಚಲಿಲ್ಲ ಎಂದ ಮಾತ್ರಕ್ಕೆ ಅದು ಮನೆ ಕಾಯಿತು ಎನ್ನುತ್ತಾರೆಯೇ? ಆ ಜೀವಗಳನ್ನು ತೆಗೆದದ್ದು ನಿಜ ತಿಳಿಯಲು, ಸುಳ್ಳುಸಾಕ್ಷಿ ಹೇಳಿಸಲು ಅಲ್ಲ.

ಮೊನ್ನೆ ಈ ನೀರು ಮಾರುವ ಏಜೆಂಟರ ಸಭೆಯಲ್ಲಿ ಕಂಪನಿಯ ಮಾಲೀಕರು "ಮೇಡಂ, ಎರಡೇ ಮಾತು ಹೇಳಿ ಸಾಕು" ಎಂದು ವೇದಿಕೆಗೆ ಕರೆದರು. ಹೇಳಿದೆ. "ಇದನ್ನ ಕುಡಿದು ಯಾವ ಇಲಿಯೂ ಚುರುಕಾಗಿಲ್ಲ. ಮನುಷ್ಯರ ಮೇಲೆ ಪರೀಕ್ಷೆಯೇ ಆಗಿಲ್ಲ." ಮೈಕು ಕಿತ್ತುಕೊಂಡರು. ಆಮೇಲೆ ಮೂಲೆಗೆ ಕರೆದು, "ಕೆಟ್ಟದ್ದಲ್ಲ ಅಂದ್ಮೇಲೆ ಒಳ್ಳೇದೇ ತಾನೇ? ನಿಂದೇನಮ್ಮಾ ತಕರಾರು?" ಎಂದರು. ಮೈಯೆಲ್ಲ ಉರಿದುಹೋಯಿತು. ಕೆಲಸದಿಂದಲೂ ತೆಗೆದರು. ಆದರೆ ಇಬ್ಬರು ಏಜೆಂಟರು ಅಲ್ಲೇ ಸರಕು ಬೇಡವೆಂದು ಎದ್ದುಹೋದರು, ನಾನೂ ಆಹಾರ ಸುರಕ್ಷತೆ ಇಲಾಖೆಗೆ ದೂರು ಕೊಟ್ಟಿದ್ದೇನೆ. ನೀನು ಮಾತ್ರ ಅಳುತ್ತಾ ಕೂರಬೇಡ, ಇನ್ನೊಂದು ಕೆಲಸ ಸಿಗುತ್ತದೆ.

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ, ನಿನ್ನ ಕೆನ್ನೆಗೊಂದು ಮುತ್ತು.

ನಿನ್ನ ಹಟಮಾರಿ ಮಗಳು

ತಾ.ಕ.: ನನ್ನನ್ನು ನೋಡಲು ಬಂದು ಈಗ ಊರಿಗೆ ವಾಪಸ್ ಹೊರಟಿರುವ ತಮ್ಮನ ಕೈಲೇ ಇದನ್ನು ಕೊಡುತ್ತಿದ್ದೇನೆ. ಚಪ್ಪಲಿ ಮೆಟ್ಟುತ್ತಾ ಈಗ ಬಾಯಿಬಿಟ್ಟ. ಆ ನೀರು ಬಂದ ಮೇಲೆ ಅಜ್ಜಿಯ ಮಾತ್ರೆಗಳನ್ನೆಲ್ಲ ನಿಲ್ಲಿಸಿದ್ದೀಯಂತೆ! "ಮೊಮ್ಮಗಳೇ ಕಂಡುಹಿಡಿದ ನೀರಿರುವಾಗ ಮಾತ್ರೆ ಯಾಕೆ" ಅಂದೆಯಂತೆ. ಫೋನ್ ಮಾಡಿದೆ, ನೀನು ಎತ್ತುತ್ತಿಲ್ಲ. ಅಮ್ಮಾ, ಮೇಲಿನದ್ದೆಲ್ಲ ಆಮೇಲೆ ನಿಧಾನವಾಗಿ ಓದು. ಮೊದಲು ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಈಗಲೇ.