ಅಂಗಡಿ ತಕ್ಕಡಿಯಲ್ಲಿ ಮಗು

ಅಕ್ಕನ ಮನೆ,
ಸೋಮವಾರ ಮಧ್ಯಾಹ್ನ

ಮಗುವಿನ ಅಪ್ಪನಿಗೆ,

ಮೊದಲು ‘ಪ್ರೀತಿಯ’ ಅಂತ ಬರೆದಿದ್ದೆ, ಆಮೇಲೆ ಕೈ ತಾನಾಗೇ ಅದರ ಮೇಲೆ ಗೀಟು ಎಳೆಯಿತು. ಮಗು ಚೆನ್ನಾಗಿದೆ, ಈಗ ತಾನೇ ಕುಡಿದು ಮಲಗಿದೆ. ಏನು ಕುಡಿಯಿತು ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ.

ನಿಮ್ಮಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಸೋಪು ಕೊಳ್ಳೋಕೆ ಬಂದವಳು ಕೂಡ ಆ ಪರದೆ ಸರಿಸಿ, ಹಾಲೂಡಿಸ್ತಾ ಕೂತಿದ್ದ ನನ್ನ ಎದೆ ನೋಡಿ, ಇಷ್ಟರಲ್ಲಿ ಮಗುವಿಗೇನು ಸಾಲುತ್ತೆ ಅಂತ ತೀರ್ಪು ಕೊಟ್ಟು ಹೋದಳು. ಥೂ! ನಿಮ್ಮಮ್ಮ ಅವಳನ್ನ ಗದರಿಸೋದು ಬಿಟ್ಟು ಹೌದು ನೋಡಿ ಅಂತ ತಲೆಯಾಡಿಸಿದರು.

ನನಗೇನು ಬೇಕು ಅಂತ ಹೆರಿಗೆಗೆ ಮುಂಚೆಯೇ ನಿಮಗೆ ಹೇಳಿದ್ದೆ. ಎದೆಹಾಲು ಕೊಡ್ತೀನಿ, ಸಂಜೆ ಒಂದು ಹೊತ್ತು ನೀವು ಬಾಟಲಿಯಲ್ಲಿ ಕುಡಿಸಿ, ನಾನೊಂದು ನಿದ್ದೆ ತೆಗೀತೀನಿ ಅಂತ. ನರ್ಸಮ್ಮನೂ ಆಗಲಿ ಅಂದಿದ್ದರು, ನೀವೂ ಹೂಂ ಅಂದಿದ್ದಿರಿ. ಮನೆಗೆ ಬಂದ ಮೇಲೆ ಆ ಹೂಂ ಎಲ್ಲಿ ಹೋಯಿತೋ! ಅಮ್ಮನ್ನ ಒಂದು ಮಾತು ಕೇಳು ಅಂದಿರಿ. ಬಾಟಲಿ ಹಿಡಿಸೋದು ಮನೆತನಕ್ಕೇ ಅವಮಾನ ಅಂದರು ಅವರು.

ಆಮೇಲೆ ಶುರುವಾಯಿತು ತೂಕದ ಆಟ. ಕುಡಿದದ್ದು ಮೈಗೆ ಹತ್ತಿದೆಯೋ ನೋಡಬೇಕಂತೆ. ಒಣಮೆಣಸಿನಕಾಯಿ ತೂಗೋ ತಟ್ಟೆಯಲ್ಲಿ ನನ್ನ ಕೂಸು! ಬೆನ್ನಿಗೆ ಖಾರದ ಧೂಳು ಅಂಟಿ ಅದು ಚೀರ್ತಿದ್ದರೆ, ಗಿರಾಕಿಗಳು ಅಂಕಿ ನೋಡಿ ಪರವಾಗಿಲ್ಲ ಅನ್ನೋರು.

ಲಸಿಕೆಗೆ ಹೋದ ದಿನ ಆಸ್ಪತ್ರೆಯ ತಕ್ಕಡಿ ಅಂಗಡಿಯದಕ್ಕಿಂತ ಕಮ್ಮಿ ತೋರಿಸಿತು. ಹುಟ್ಟಿದಾಗಿನದಕ್ಕಿಂತ ಚೆನ್ನಾಗೇ ಬೆಳೆದಿದೆ ಅಂತ ನರ್ಸಮ್ಮ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮೊನ್ನೆ ಅಂಗಡಿಯಲ್ಲಿ ಅಷ್ಟಿದ್ದ ಮಗು ಇಳಿದುಹೋಯಿತು, ಇವಳದ್ದು ಬರೀ ನೀರು ಅಂತ ನಿಮ್ಮಮ್ಮ ಬೀದಿಗೆಲ್ಲ ಡಂಗುರ ಹೊಡೆದರು. ಅವಮಾನ ಅಂದಿದ್ದ ಬಾಟಲಿಯನ್ನೇ, ನಾನು ಸ್ನಾನಕ್ಕೆ ಹೋದಾಗ ಮಗುವಿನ ಬಾಯಿಗಿಟ್ಟರು. ಎದೆ ಪೂರ್ತಿ ಬಿಡಿಸಬೇಕು ಅಂತಲೂ ಅವರೇ ತೀರ್ಮಾನ ಮಾಡಿದರು. ನಿಮ್ಮಪ್ಪ ಗಲ್ಲಾದ ಚಿಲ್ಲರೆ ಎಣಿಸ್ತಾ ಕೂತಿದ್ದರು. ನೀವು ಅದೇ ತಕ್ಕಡಿಯಲ್ಲಿ ಗಿರಾಕಿಗೆ ಬೇಳೆ ತೂಗ್ತಾ ನಿಂತಿದ್ದಿರಿ. ನಾನೂ ನಂಬಿಬಿಟ್ಟೆ ಕಣ್ರೀ. ನನ್ನ ಮೈ ನೋಡಿ ನನಗೇ ಅಸಹ್ಯವಾಯಿತು.

ಮಾರನೇ ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಒಡೆಯದ ಒಂದು ಕಿಲೋ ಸಕ್ಕರೆ ಪ್ಯಾಕೆಟ್ಟು ಆ ತಕ್ಕಡಿ ಮೇಲಿಟ್ಟೆ. ನೂರು ಗ್ರಾಂ ಜಾಸ್ತಿ ತೋರಿಸಿತು. ಉಪ್ಪಿನ ಪ್ಯಾಕೆಟ್ಟೂ ಅಷ್ಟೇ. ಗಿರಾಕಿಗಳಿಗೆ ಮೋಸ ಮಾಡೋಕೆ ತಿರುಚಿಟ್ಟ ತಕ್ಕಡಿ ಅದು. ಮಗು ಇಳಿದಿರಲೇ ಇಲ್ಲ!

ಹೇಳೋಕೆ ಓಡಿ ಬಂದರೆ ನೀವು ಆಶ್ಚರ್ಯಪಡಲಿಲ್ಲ. ಮೆತ್ತಗೆ ಮಾತಾಡು, ಹೊರಗೆ ಕೇಳಿಸುತ್ತೆ ಅಂದಿರಿ. ಅಂದರೆ ನಿಮಗೆ ಮೊದಲಿಂದಲೂ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋ ಜನ ನೀವು. ಹೆಂಡತಿಯ ಹಾಲಿಗೆ ಏನು ಹೆಸರು ಬಂದರೂ ಸರಿ, ಅಪ್ಪನ ಅಂಗಡಿಗೆ ಕೆಟ್ಟ ಹೆಸರು ಬರಬಾರದು, ಅಲ್ವಾ? ಇಂಥವರ ಪಕ್ಕ ಇಷ್ಟು ದಿನ ಮಲಗಿದ್ದೆನಲ್ಲಾ ಅಂತ ಹೇಸಿಗೆಯಾಗುತ್ತೆ.

ಇಲ್ಲಿಗೆ ಬಂದಾಗ ಅಕ್ಕ ಕೇಳಿದ್ದು ಒಂದೇ ಮಾತು, ನಿನಗೆ ಹೇಗೆ ಅನುಕೂಲ ಅಂತ. ಗೊಳೋ ಅಂತ ಅತ್ತುಬಿಟ್ಟೆ. ಈಗ ಸಂಜೆಯ ಬಾಟಲಿ ಭಾವನದು. ದಿನವೆಲ್ಲ ಬಸ್ ಓಡಿಸೋ ಮನುಷ್ಯನಿಗೆ ಬಾಟಲಿ ಹಿಡಿಯೋಕೆ ಎರಡೂ ಕೈ ಬೇಕು, ನೋಡಿ ನಗು ಬರುತ್ತೆ. ನಾನು ಆಗ ನಿದ್ದೆ ಮಾಡ್ತೀನಿ.

ಕರೆದುಕೊಂಡು ಹೋಗೋಕೆ ಬರ್ತೀನಿ ಅಂತ ಹೇಳಿಕಳಿಸಿದ್ದೀರಿ. ಮೊದಲು ನಿಮ್ಮಮ್ಮನ ಎದುರು ನಿಂತು, ಹಾಲು ಸರಿಯಿತ್ತು, ತಕ್ಕಡಿ ಸರಿಯಿರಲಿಲ್ಲ ಅಂತ ಹೇಳಿ. ಅಷ್ಟು ಆಗದಿದ್ದರೆ ಬರಬೇಡಿ.

ಇಂತಿ,
ನಿಮ್ಮ ಮಗುವಿನ ತಾಯಿ

ತಾ.ಕ.: ಸಕ್ಕರೆ ತೂಗುವಾಗ ಯಾರೂ ಇರಲಿಲ್ಲ ಅಂತ ಬರೆದದ್ದು ಸುಳ್ಳು. ಆ ಸೋಪಿನವಳಿದ್ದಳು. ಉಪ್ಪಿನ ಪ್ಯಾಕೆಟ್ಟು ಎತ್ತಿ ಕೈಗೆ ಕೊಟ್ಟವಳೇ ಅವಳು. ನಿಮ್ಮಮ್ಮನಿಗೆ ನೀವು ಹೇಳ್ತೀರೋ, ಅವಳೇ ಹೇಳಲೋ, ಬೇಗ ತೀರ್ಮಾನ ಮಾಡಿ.